ಹನ್ನೆರಡು ಪದರದ ಬಕ್ಲಾವಾ
ಸೆರ್ಬಿಯಾ ದೇಶದ ಹಬ್ಬದ ಸಿಹಿ ಮತ್ತು ಬೆಳೆಗಾರನ ಮನೆಯ ಪಾಲು

ನಮ್ಮ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೊಳೆರೋಗ, ಬೋರ್ಡೋ ದ್ರಾವಣ, ಬೆರ್ರಿ ಬೋರರ್, ಧಾರಣೆ, ಸಾಲದ ಕಂತು ಇವುಗಳ ಮಾತೇ ತುಂಬಿರುತ್ತದೆ. ಸಂಚಿಕೆ ಮನೆಗೆ ಬಂದರೆ ಗಂಡಸರು ಧಾರಣೆಯ ಪುಟ ನೋಡಿ ಮಡಿಸಿಡುತ್ತಾರೆ, ಅಡುಗೆಮನೆಗೆ ಅದು ಬರುವುದು ಡಬ್ಬಿಯ ಅಡಿಗೆ ಹಾಸುವ ಕಾಗದವಾಗಿ ಮಾತ್ರ ಎಂದು ಸದಸ್ಯರೊಬ್ಬರ ಮನೆಯವರು ಹೇಳಿದ ಮಾತು ನಮ್ಮ ಮನಸ್ಸಿಗೆ ನಾಟಿತು. ಮಾತಿನಲ್ಲಿ ಸತ್ಯವಿದೆ. ಆದ್ದರಿಂದ ಈ ಬಾರಿ ಅಡುಗೆಮನೆಗೇ ಸಲ್ಲುವ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಆದರೂ ಕೊನೆಗೆ ಅದು ತೋಟಕ್ಕೇ ಬಂದು ಮುಟ್ಟುತ್ತದೆ ಎಂಬುದನ್ನು ಗಂಡಸರೂ ಗಮನಿಸಬೇಕು.

ನಾವು ಕಾಫಿ ಬೆಳೆಯುವವರು. ನಮ್ಮ ಕಾಫಿಯ ಬಹುಪಾಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಅಲ್ಲಿನವರು ಆ ಕಾಫಿಯನ್ನು ಹೇಗೆ ಕುದಿಸುತ್ತಾರೆ, ಬಟ್ಟಲಿನ ಪಕ್ಕದ ತಟ್ಟೆಯಲ್ಲಿ ಏನಿಟ್ಟುಕೊಳ್ಳುತ್ತಾರೆ ಎಂದು ನಾವು ವಿಚಾರಿಸಿದ್ದು ಕಡಿಮೆ. ಕಾಫಿಯನ್ನು ನಮ್ಮಷ್ಟೇ ಅಕ್ಕರೆಯಿಂದ ಕುಡಿಯುವ ಜನಗಳಲ್ಲಿ ಸೆರ್ಬಿಯಾದವರೂ ಸೇರಿದ್ದಾರೆ. ಅವರ ಹಬ್ಬದ ಕಾಫಿಯ ಜೊತೆಗೆ ಬರುವ ಪದರದ ಸಿಹಿಯೇ ಬಕ್ಲಾವಾ.

ದೇಶದ ಪರಿಚಯ

ಸೆರ್ಬಿಯಾ ಎಂದರೆ ಎಲ್ಲರಿಗೂ ತಟ್ಟನೆ ಹೊಳೆಯಲಾರದು. ಹಿಂದಿನ ಯುಗೋಸ್ಲಾವಿಯಾ ಎಂದರೆ ಹಿರಿಯರಿಗೆ ತಿಳಿದೀತು. 1961ರ ಸೆಪ್ಟೆಂಬರಿನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ನಡೆದದ್ದು ಅದರ ರಾಜಧಾನಿ ಬೆಲ್‌ಗ್ರೇಡಿನಲ್ಲಿ. ನಮ್ಮ ನೆಹರೂ ಅವರು ಅಲ್ಲಿಗೆ ಹೋಗಿದ್ದರು. ಆ ಒಕ್ಕೂಟ 1991-92ರ ಹೊತ್ತಿಗೆ ಒಡೆಯಿತು. ಕೊನೆಯವರೆಗೆ ಜೊತೆಗಿದ್ದ ಮಾಂಟೆನೆಗ್ರೋ 2006ರಲ್ಲಿ ಬೇರೆಯಾಯಿತು. ಉಳಿದ ಸೆರ್ಬಿಯಾಕ್ಕೆ ಇಂದಿಗೂ ಬೆಲ್‌ಗ್ರೇಡೇ ರಾಜಧಾನಿ. ಗೋಧಿ, ಮೆಕ್ಕೆಜೋಳ, ಸೂರ್ಯಕಾಂತಿ, ಪ್ಲಮ್ ಹಣ್ಣು, ಅಕ್ರೋಟು ಬೆಳೆಯುವ, ಸಣ್ಣ ಹಿಡುವಳಿಗಳ ನಾಡು ಅದು.

ಬಕ್ಲಾವಾ ಮೂಲತಃ ಅವರದಲ್ಲ. ತುರ್ಕಿಯ ಸುಲ್ತಾನರ ಸೈನ್ಯ 1521ರಲ್ಲಿ ಬೆಲ್‌ಗ್ರೇಡನ್ನು ಹಿಡಿಯಿತು. ಕೊನೆಯ ತುರ್ಕಿ ಪಡೆ ಅಲ್ಲಿಂದ ಹೊರಟದ್ದು 1867ರಲ್ಲಿ. ಆ ದೀರ್ಘ ಆಳ್ವಿಕೆಯ ಕಾಲದಲ್ಲಿ ಕಾಫಿ, ಕಾಫಿ ಕಾಯಿಸುವ ಉದ್ದ ಹಿಡಿಯ ಪಾತ್ರೆ, ಪದರದ ಸಿಹಿ ಎಲ್ಲವೂ ಬಾಲ್ಕನ್ ನಾಡುಗಳ ಮನೆಮನೆಗೆ ಬಂದವು. ಇಸ್ತಾಂಬುಲ್ಲಿನಲ್ಲಿ ಬಕ್ಲಾವಾ ಅರಮನೆಯ ಭಕ್ಷ್ಯ. ರಂಜಾನಿನ 15ನೆಯ ದಿನ ಸುಲ್ತಾನನ ಅಡುಗೆಮನೆಯಿಂದ ಜಾನಿಸರಿ ಸೈನಿಕರಿಗೆ ಹರಿವಾಣಗಟ್ಟಲೆ ಬಕ್ಲಾವಾ ಮೆರವಣಿಗೆಯಲ್ಲಿ ಹೋಗುತ್ತಿತ್ತು. ತುರ್ಕಿಯ ಗಾಜಿಯಾಂತೆಪ್ ಊರಿನಲ್ಲಿ ಇಂದಿಗೂ ಅದಕ್ಕೆ ಪಿಸ್ತಾ, ತುಪ್ಪದಂತೆ ಕಾಯಿಸಿ ಸೋಸಿದ ಬೆಣ್ಣೆ ಸುರಿಯುತ್ತಾರೆ.

ಸೆರ್ಬಿಯಾದ ರೈತನ ಹಿತ್ತಲಲ್ಲಿ ಪಿಸ್ತಾ ಎಲ್ಲಿಂದ ಬರಬೇಕು? ಅವನಲ್ಲಿದ್ದದ್ದು ಅಕ್ರೋಟು. ಪಿಸ್ತಾದ ಜಾಗಕ್ಕೆ ಅದು ಬಂದು ಕುಳಿತಿತು. ಬೆಣ್ಣೆಯ ಜಾಗಕ್ಕೆ ಎಣ್ಣೆ ಬಂದ ಬಗೆಯನ್ನು ಮುಂದೆ ಹೇಳುತ್ತೇವೆ. ಅರಮನೆಯ ತಿಂಡಿ ಹೀಗೆ ಒಕ್ಕಲಿನ ಮನೆಯ ತಿಂಡಿಯಾಯಿತು.

ಮನೆಯ ಸಂತನ ಹಬ್ಬ

ನಮ್ಮಲ್ಲಿ ಮನೆದೇವರು ಇರುವಂತೆ ಸೆರ್ಬಿಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಪ್ರತಿಯೊಂದು ಮನೆತನಕ್ಕೂ ಒಬ್ಬ ಸಂತನಿರುತ್ತಾನೆ. ಆ ಸಂತನ ದಿನವನ್ನು ಸ್ಲಾವಾ ಎನ್ನುತ್ತಾರೆ. ಅದು ತಂದೆಯಿಂದ ಮಗನಿಗೆ ಇಳಿದು ಬರುತ್ತದೆ. ಮದುವೆಯಾಗಿ ಬಂದ ಸೊಸೆ ಗಂಡನ ಮನೆಯ ಸ್ಲಾವಾವನ್ನೇ ನಡೆಸುತ್ತಾಳೆ. ಅಂದು ಮೇಣದ ಬತ್ತಿ ಹಚ್ಚಿ, ಹಬ್ಬದ ರೊಟ್ಟಿಯನ್ನು ಮುರಿದು, ಬೇಯಿಸಿದ ಗೋಧಿಗೆ ಅಕ್ರೋಟು ಸಕ್ಕರೆ ಬೆರೆಸಿದ್ದನ್ನು ಬಂದವರಿಗೆಲ್ಲ ಒಂದೊಂದು ಚಮಚ ಕೊಡುತ್ತಾರೆ. 2014ರಲ್ಲಿ ಯುನೆಸ್ಕೋ ಸಂಸ್ಥೆ ಈ ಆಚರಣೆಯನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಸ್ಲಾವಾದ ಒಂದು ಕಟ್ಟುಪಾಡು ನಮಗೆ ಬಹಳ ಹಿಡಿಸಿತು. ಹಳೆಯ ರೂಢಿಯಂತೆ ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರು ತಾವಾಗಿಯೇ ಬರುತ್ತಾರೆ, ಬಂದವರಿಗೆ ಬಡಿಸಬೇಕು. ಹತ್ತು ಜನ ಬರಬಹುದು, ನಲವತ್ತು ಜನರೂ ಬರಬಹುದು. ಲೆಕ್ಕ ತಿಳಿಯದ ನೆಂಟರಿಗೆ ಸಿಹಿ ಮಾಡುವುದೆಂದರೆ ಮುಂಚಿತವಾಗಿ ಮಾಡಿಡಬಹುದಾದದ್ದು, ಕೆಡದೆ ನಿಲ್ಲುವಂಥದ್ದು, ಸಣ್ಣ ತುಂಡುಗಳಾಗಿ ಹಂಚಬಹುದಾದದ್ದು ಆಗಿರಬೇಕು. ಬಕ್ಲಾವಾದಲ್ಲಿ ಈ ಮೂರೂ ಗುಣಗಳಿವೆ.

ಇನ್ನು ಎಣ್ಣೆಯ ವಿಷಯ. ಅಲ್ಲಿ ಬಹಳ ಮನೆಗಳ ಸಂತ ನಿಕೋಲಸ್. ಅವನ ದಿನ ಡಿಸೆಂಬರ್ 19. ಅವರ ಕ್ರಿಸ್ಮಸ್ ಬರುವುದು ಜನವರಿ 7ಕ್ಕೆ. ಅದಕ್ಕೆ ಮುಂಚೆ ನವೆಂಬರ್ 28ರಿಂದ 40 ದಿನ ವ್ರತ. ವ್ರತದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಸಲ್ಲದು. ಸಂತನ ಹಬ್ಬ ಬರುವುದು ಸರಿಯಾಗಿ ಈ ವ್ರತದ ನಡುವೆ. ಮನೆ ತುಂಬ ನೆಂಟರು, ಹಾಲಿಲ್ಲ, ಮೊಟ್ಟೆಯಿಲ್ಲ. ಆದರೂ ಸಿಹಿ ಆಗಲೇಬೇಕು. ಆಗ ಹುಟ್ಟುವುದೇ ಪೋಸ್ನಾ ಬಕ್ಲಾವಾ, ಅಂದರೆ ವ್ರತದ ಬಕ್ಲಾವಾ. ಹಿಟ್ಟು, ನೀರು, ಉಪ್ಪು, ಸೂರ್ಯಕಾಂತಿ ಎಣ್ಣೆ, ಅಕ್ರೋಟು, ರವೆ, ಸಕ್ಕರೆ, ನಿಂಬೆ. ಇಷ್ಟೇ ಅದರ ಸಾಮಗ್ರಿ. ನಮ್ಮ ಸದಸ್ಯರಲ್ಲಿ ಮೊಟ್ಟೆ ಮುಟ್ಟದ ಮನೆಗಳು ಬೇಕಾದಷ್ಟಿವೆ. ಪರದೇಶದ ಸಿಹಿಯೆಂದರೆ ಮೊಟ್ಟೆಯಿಲ್ಲದೆ ಆಗದು ಎಂಬ ಅವರ ಶಂಕೆಗೆ ಇಲ್ಲಿ ಎಡೆಯಿಲ್ಲ.

ಅಕ್ರೋಟಿನ ಮರ

ಬೆಳೆಗಾರರಿಗೆ ಮರದ ಸುದ್ದಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಸೆರ್ಬಿಯಾದ ಹಳ್ಳಿಗಳಲ್ಲಿ ಅಕ್ರೋಟಿನ ಮರ ಮನೆಯಂಗಳದಲ್ಲಿ, ಹಿತ್ತಲ ಬೇಲಿಯ ಬಳಿ ಒಂದೆರಡು ನಿಂತಿರುತ್ತದೆ. ಬೇರು, ಎಲೆ, ಸಿಪ್ಪೆಗಳಲ್ಲಿ ಒಂದು ಬಗೆಯ ವಿಷದ ಅಂಶವಿರುವುದರಿಂದ ಅದರ ಬುಡದಲ್ಲಿ ಬೇರೆ ಬೆಳೆ ಚೆನ್ನಾಗಿ ಬಾರದು. ಬೀಜದಿಂದ ಎದ್ದ ಗಿಡ ಫಲ ಕೊಡಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಅಕ್ರೋಟು ನೆಟ್ಟವನು ಅದರ ಕಾಂಡ ತನ್ನ ಕುತ್ತಿಗೆಯಷ್ಟು ದಪ್ಪವಾದಾಗ ಸಾಯುತ್ತಾನೆಂದು ಅಲ್ಲಿ ಹಳೆಯ ನಂಬಿಕೆಯೊಂದಿದೆ. ಹಾಗಾಗಿ ಹರೆಯದವರು ಹಿಂಜರಿಯುತ್ತಾರೆ, ಬಾಳು ಮುಗಿಸಿದ ಮುದುಕರು ನೆಡುತ್ತಾರೆ. ನಂಬಿಕೆಯನ್ನು ಬದಿಗಿಟ್ಟರೂ ನೆಟ್ಟವನೊಬ್ಬ, ಉಣ್ಣುವವನು ಇನ್ನೊಬ್ಬ ಎಂಬ ಮಾತು ಅಡಿಕೆ ನೆಟ್ಟ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು.

ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ ಕಾಯಿ ಉದುರುತ್ತದೆ. ಹೊರಗಿನ ಹಸಿರು ಸಿಪ್ಪೆ ಬಿಡಿಸುವವರ ಕೈ ಕಪ್ಪಾಗಿ ವಾರಗಟ್ಟಲೆ ಹೋಗುವುದಿಲ್ಲ. ಅಡಿಕೆ ಸುಲಿದ ಕೈಯ ಚೊಗರಿನ ಹಾಗೆಯೇ. ಆ ಮೇಲೆ ಚಿಪ್ಪಿನ ಕಾಯಿಯನ್ನು ನೀರಿನಂಶ ಶೇಕಡಾ 8ರಷ್ಟಕ್ಕೆ ಇಳಿಯುವವರೆಗೆ ಗಾಳಿಯಾಡುವಲ್ಲಿ ಹರವಿ ಒಣಗಿಸಿ ಅಟ್ಟಕ್ಕೆ ಏರಿಸುತ್ತಾರೆ. ತಿರುಳಿನಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಎಣ್ಣೆಯೇ. ಅದರಿಂದ ಒಡೆದಿಟ್ಟ ತಿರುಳು ಬಿಸಿಲು ಗಾಳಿಗೆ ಬೇಗ ಕಮಟು ಹಿಡಿಯುತ್ತದೆ, ಚಿಪ್ಪಿನೊಳಗಿದ್ದರೆ ಮುಂದಿನ ಬೆಳೆಯವರೆಗೂ ನಿಲ್ಲುತ್ತದೆ. ಡಿಸೆಂಬರಿನ ಹಬ್ಬಕ್ಕೆ ಬೇಕಾದಷ್ಟನ್ನು ಹಬ್ಬ ಸಮೀಪಿಸಿದಾಗಲೇ ಒಡೆಯುವುದು. ಮನೆಯವರೆಲ್ಲ ಮೇಜಿನ ಸುತ್ತ ಕುಳಿತು ಕಾಯಿ ಒಡೆದು, ಮೇಜಿನ ಅಂಚಿಗೆ ತಿರುಪು ಬಿಗಿದ ಸಣ್ಣ ಕೈಯಂತ್ರದಲ್ಲಿ ತಿರುಳನ್ನು ಪುಡಿಮಾಡುತ್ತಾರೆ.

ಪದರದ ಗುಟ್ಟು

ಬಕ್ಲಾವಾದ ಹಾಳೆಗೆ ಸೆರ್ಬಿಯನ್ನರು ಕೋರೆ ಎನ್ನುತ್ತಾರೆ. ನಮ್ಮ ಕೋರೆಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಪದರದ ಸಿಹಿ ನಮಗೆ ಹೊಸತೂ ಅಲ್ಲ. ಚಿರೋಟಿ ಮಾಡುವವರಿಗೆ ಪದರದ ಗುಟ್ಟು ಗೊತ್ತಿದೆ: ಹಾಳೆ ಹಾಳೆಯ ನಡುವೆ ಜಿಡ್ಡು ಇದ್ದರೆ ಬೇಯುವಾಗ ಒಂದಕ್ಕೊಂದು ಅಂಟದೆ ಬಿಡಿಯಾಗಿ ಅರಳುತ್ತವೆ. ಚಿರೋಟಿಯಲ್ಲಿ ಅಕ್ಕಿಹಿಟ್ಟು ತುಪ್ಪದ ಲೇಪ. ಬಕ್ಲಾವಾದಲ್ಲಿ ಎಣ್ಣೆಯ ಲೇಪ. ನಾವು ಕರಿಯುತ್ತೇವೆ, ಅವರು ಹರಿವಾಣದಲ್ಲಿ ಬೇಯಿಸುತ್ತಾರೆ. ನಮ್ಮ ಮನೆಯವರು ಮೊದಲ ಸಲ ಇದನ್ನು ಕೇಳಿ, "ಹಾಗಾದರೆ ಇದು ಚಿರೋಟಿಯ ದೊಡ್ಡಪ್ಪನ ಮಗ ಅನ್ನಿ" ಎಂದರು. ಸಂಬಂಧ ಸರಿಯಾಗಿಯೇ ಇದೆ.

ಹಾಳೆ ತೆಳುವಾಗುವ ಗುಟ್ಟು ಇರುವುದು ಗೋಧಿಯ ಅಂಟಿನಲ್ಲಿ. ಹಿಟ್ಟಿಗೆ ನೀರು ಬಿದ್ದು ನಾದಿದಾಗ ಈ ಅಂಟು ಬಲೆಯಂತೆ ಹೆಣೆದುಕೊಳ್ಳುತ್ತದೆ. ನಾದಿದ ಕೂಡಲೇ ಎಳೆದರೆ ರಬ್ಬರಿನಂತೆ ಹಿಂದಕ್ಕೆ ಸೇದುತ್ತದೆ. ಎಣ್ಣೆ ಸವರಿ ಒಂದು ತಾಸು ಸುಮ್ಮನೆ ಬಿಟ್ಟರೆ ಬಲೆ ಸಡಿಲಗೊಂಡು ಎಳೆದಷ್ಟು ಬರುತ್ತದೆ. ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ನೆನೆಯಲು ಬಿಡುವುದು ಇದೇ ಕಾರಣಕ್ಕೆ. ಸೆರ್ಬಿಯಾದ ಗೃಹಿಣಿ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಉದ್ದನೆಯ ಸಪೂರ ಲಟ್ಟಣಿಗೆಯಿಂದ ಸ್ವಲ್ಪ ಹರಡಿ, ಆ ಮೇಲೆ ಅಂಗೈ ಕೆಳಗೆ ಮಾಡಿ ಎರಡೂ ಕೈಗಳ ಹಿಂಬದಿಯನ್ನು ಕಣಕದ ಅಡಿಗೆ ತೂರಿಸಿ ನಡುವಿನಿಂದ ಅಂಚಿಗೆ ಎಳೆಯುತ್ತ ಮೇಜಿನ ಸುತ್ತ ನಡೆಯುತ್ತಾಳೆ. ಬಟ್ಟೆಯ ಹೂವಿನ ಕಸೂತಿ ಹಾಳೆಯ ಮೂಲಕ ಕಾಣಬೇಕು, ಅದೇ ಅಳತೆ. ದಪ್ಪವಾಗಿ ಉಳಿದ ಅಂಚನ್ನು ಕತ್ತರಿಸಿ ತೆಗೆಯುತ್ತಾಳೆ.

ಇಂದು ಅಲ್ಲಿನ ಪೇಟೆಗಳಲ್ಲಿ ಅರ್ಧ ಕಿಲೋ ಕೋರೆಯ ಪೊಟ್ಟಣ ಅಂಗಡಿಯಲ್ಲೇ ಸಿಗುತ್ತದೆ. ಪೇಟೆಯ ಹೆಚ್ಚಿನವರು ಕೊಂಡೇ ತರುತ್ತಾರೆ. ಕೈಯಲ್ಲಿ ಎಳೆಯಬಲ್ಲವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ನಮ್ಮ ಚಿರೋಟಿಯ ಕಥೆಯೂ ಬೇರೆಯಲ್ಲ.

ಬೇಕಾಗುವ ಸಾಮಾನು

ಸುಮಾರು 25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಉದ್ದದ ಅಂಚುಳ್ಳ ತಟ್ಟೆಗೆ ಈ ಅಳತೆ ಸರಿಹೋಗುತ್ತದೆ. ಸೆರ್ಬಿಯಾದಲ್ಲಿ ಇದಕ್ಕೆ ತೆಪ್ಸಿಯಾ ಎಂಬ ಹರಿವಾಣ ಬಳಸುತ್ತಾರೆ.

ಕಣಕಕ್ಕೆ: ಮೈದಾ 500 ಗ್ರಾಂ, ಉಪ್ಪು ಒಂದು ಸಣ್ಣ ಚಮಚ, ಎಣ್ಣೆ ಎರಡು ದೊಡ್ಡ ಚಮಚ, ಉಗುರು ಬೆಚ್ಚಗಿನ ನೀರು 275ರಿಂದ 300 ಮಿಲಿಲೀಟರ್.

ಹೂರಣಕ್ಕೆ: ಅಕ್ರೋಟಿನ ತಿರುಳು 400 ಗ್ರಾಂ (ಚಿಪ್ಪಿನ ಕಾಯಿಯಾದರೆ ಸುಮಾರು ಒಂದು ಕಿಲೋ), ಸಕ್ಕರೆ 100 ಗ್ರಾಂ, ಸಣ್ಣ ರವೆ ಮೂರು ದೊಡ್ಡ ಚಮಚ.

ಸವರಲು: ಸೂರ್ಯಕಾಂತಿ ಎಣ್ಣೆ 200 ಮಿಲಿಲೀಟರ್.

ಪಾಕಕ್ಕೆ: ಸಕ್ಕರೆ 600 ಗ್ರಾಂ, ನೀರು 500 ಮಿಲಿಲೀಟರ್, ನಿಂಬೆಹಣ್ಣು ಒಂದು.

ಮಾಡುವ ಕ್ರಮ

ಮೊದಲು ಪಾಕ ಮಾಡಿಟ್ಟುಬಿಡಬೇಕು. ಸಕ್ಕರೆ ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟು, ನಿಂಬೆಯ ರಸ ಹಿಂಡಿ ಇಳಿಸಿ ಪೂರ್ತಿ ಆರಲು ಬಿಡುವುದು. ಎಳೆಪಾಕ ಬೇಡ; ಬೆರಳಿಗೆ ಅಂಟಿದರೆ ಸಾಕು. ನಿಂಬೆಯ ಹುಳಿ ರುಚಿಗೂ ಬೇಕು, ಪಾಕ ಮತ್ತೆ ಹರಳುಗಟ್ಟದಂತೆ ತಡೆಯುವುದಕ್ಕೂ ಬೇಕು.

ಮೈದಾ, ಉಪ್ಪು, ಎಣ್ಣೆ, ನೀರು ಸೇರಿಸಿ ಕಾಲು ಗಂಟೆ ಚೆನ್ನಾಗಿ ನಾದಿ ಮೆತ್ತಗಿನ ಕಣಕ ಮಾಡುವುದು. ಚಪಾತಿಯ ಹಿಟ್ಟಿಗಿಂತ ಮೆದು, ಹೋಳಿಗೆಯ ಕಣಕಕ್ಕಿಂತ ಗಟ್ಟಿ ಇರಲಿ. ಅದನ್ನು 12 ಉಂಡೆ ಮಾಡಿ, ಎಣ್ಣೆ ಸವರಿ, ಮುಚ್ಚಿ ಒಂದು ತಾಸು ಇಡುವುದು. ಒಂದೇ ದೊಡ್ಡ ಹಾಳೆಯನ್ನು ಮೇಜಿನಗಲ ಎಳೆಯುವುದು ಕೈ ಪಳಗಿದವರ ಕೆಲಸ. ಹೊಸಬರಿಗೆ 12 ಸಣ್ಣ ಹಾಳೆಯೇ ಲೇಸು.

ಅಷ್ಟರಲ್ಲಿ ಅಕ್ರೋಟನ್ನು ಕುಟ್ಟಿಕೊಳ್ಳಬಹುದು. ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒರಳಿನಲ್ಲಿ ತರಿತರಿಯಾಗಿ ಕುಟ್ಟುವುದೇ ಒಳ್ಳೆಯದು. ಇದಕ್ಕೆ ಸಕ್ಕರೆ, ರವೆ ಬೆರೆಸುವುದು. ರವೆ ಏಕೆಂದರೆ ಅದು ಪಾಕವನ್ನು ಹೀರಿ ಹಿಡಿದುಕೊಂಡು ಪದರ ಒದ್ದೆಯಾಗಿ ಕುಸಿಯದಂತೆ ನೋಡಿಕೊಳ್ಳುತ್ತದೆ.

ಒಂದೊಂದೇ ಉಂಡೆಯನ್ನು ಲಟ್ಟಿಸಿ, ಕೈಯಿಂದ ಎಳೆದು, ತಟ್ಟೆಗಿಂತ ತುಸು ದೊಡ್ಡದಾಗಿ ಮಾಡಿ, ಹೆಚ್ಚಾದ ಅಂಚನ್ನು ಕತ್ತರಿಸುವುದು. ತೂತು ಬಿದ್ದರೆ ಗಾಬರಿ ಬೇಡ. ಹರಿದ ಹಾಳೆಗಳನ್ನು ನಡುವಿಗೆ ಹಾಕಿ, ಒಳ್ಳೆಯವನ್ನು ಅಡಿಗೂ ಮೇಲಕ್ಕೂ ಉಳಿಸಿಕೊಂಡರಾಯಿತು. ಎಣ್ಣೆ ಸವರಿದ ತಟ್ಟೆಗೆ ಮೊದಲು ಮೂರು ಹಾಳೆ, ಪ್ರತಿಯೊಂದರ ಮೇಲೂ ಎಣ್ಣೆ. ಮೇಲೆ ಹೂರಣದ ಕಾಲುಭಾಗ. ಆ ಮೇಲೆ ಎರಡು ಹಾಳೆ, ಹೂರಣ. ಎರಡು ಹಾಳೆ, ಹೂರಣ. ಎರಡು ಹಾಳೆ, ಹೂರಣ. ಕೊನೆಗೆ ಮೂರು ಹಾಳೆ. ಹೀಗೆ ಹಾಳೆ ಹನ್ನೆರಡು, ಹೂರಣ ನಾಲ್ಕು ಸಾಲು.

ಬೇಯಿಸುವ ಮೊದಲೇ ಹರಿತವಾದ ಚಾಕುವಿನಿಂದ ತಳದವರೆಗೂ ಕತ್ತರಿಸಬೇಕು. ಮೊದಲು ಉದ್ದಕ್ಕೆ ಗೆರೆ, ಆ ಮೇಲೆ ಓರೆಯಾಗಿ ಗೆರೆ; ಶಂಕರಪೋಳಿಯ ಆಕಾರ ಬರುತ್ತದೆ. ಬೆಂದ ಮೇಲೆ ಕತ್ತರಿಸ ಹೊರಟರೆ ಮೇಲಿನ ಪದರವೆಲ್ಲ ಪುಡಿ. ಉಳಿದ ಎಣ್ಣೆಯನ್ನು ಗೆರೆಗಳ ಮೇಲೆ ಸುರಿದು 180 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಸುಮಾರು 45 ನಿಮಿಷ ಬೇಯಿಸುವುದು. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿದರೆ ಸಾಲದು. ಮೂಲೆಯ ಒಂದು ತುಂಡನ್ನು ಮೆಲ್ಲನೆ ಎತ್ತಿ ನೋಡಿದರೆ ಅಡಿಯ ಹಾಳೆಯೂ ಗರಿಯಾಗಿರಬೇಕು. ಇನ್ನೂ ಬೆಳ್ಳಗಿದ್ದರೆ ಕಾವು ತಗ್ಗಿಸಿ ಹತ್ತು ಹದಿನೈದು ನಿಮಿಷ ಬಿಡಬಹುದು.

ಅವನ್ ಇಲ್ಲದ ಮನೆಯವರು ಪುಟ ಮಗುಚಬೇಕಾಗಿಲ್ಲ. ಸೆರ್ಬಿಯಾದ ಹಳೆಯ ಮನೆಗಳಲ್ಲಿ ಸಾಚ್ ಎಂಬ ಗುಮ್ಮಟದಂಥ ಮಣ್ಣಿನ ಅಥವಾ ಕಬ್ಬಿಣದ ಮುಚ್ಚಳವನ್ನು ಹರಿವಾಣದ ಮೇಲೆ ಕವುಚಿ, ಅದರ ಮೇಲೆ ಕೆಂಡ ಬೂದಿ ಹರಡಿ ಬೇಯಿಸುತ್ತಿದ್ದರು. ದಪ್ಪ ತಳದ ಬಾಣಲೆಯೊಳಗೆ ತಟ್ಟೆಯಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದರೆ ನಮ್ಮಲ್ಲೂ ಆದೀತು. ಅಡಿಯ ಕೆಂಡ ಕಡಿಮೆ, ಮೇಲಿನ ಕೆಂಡ ಹೆಚ್ಚು ಇರಲಿ.

ನಾವು ಕೆಡಿಸಿಕೊಂಡ ಬಗೆ

ಕೊನೆಯ ಹಂತ ಪಾಕ ಸುರಿಯುವುದು. ಇಲ್ಲಿ ನಿಯಮ ಒಂದೇ: ಎರಡರಲ್ಲಿ ಒಂದು ಬಿಸಿಯಾಗಿರಬೇಕು, ಇನ್ನೊಂದು ತಣ್ಣಗಿರಬೇಕು. ಒಲೆಯಿಂದ ಇಳಿದ ಬಿಸಿ ಬಕ್ಲಾವಾದ ಮೇಲೆ ಆರಿದ ಪಾಕ ಸುರಿದರೆ ಚುರ್ರೆಂದು ಸದ್ದು ಮಾಡುತ್ತ ಗೆರೆಗಳ ಮೂಲಕ ಒಳಗಿಳಿಯುತ್ತದೆ, ಮೇಲಿನ ಹಾಳೆ ಗರಿಯಾಗಿಯೇ ಉಳಿಯುತ್ತದೆ. ಎರಡೂ ತಣ್ಣಗಿದ್ದರೆ ಪಾಕ ಒಳಹೋಗದೆ ತಳದಲ್ಲಿ ನಿಲ್ಲುತ್ತದೆ. ಎರಡೂ ಬಿಸಿಯಾಗಿದ್ದರೆ ಏನಾಗುತ್ತದೆಂದು ನಾವೇ ಸಾಕ್ಷಿ ಹೇಳಬಲ್ಲೆವು.

ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ಪಾಕ ಮೊದಲೇ ಆರಿಸಿಡಬೇಕೆಂಬ ಮಾತನ್ನು ಓದಿಯೂ ನಾವು ಲೆಕ್ಕಿಸಲಿಲ್ಲ. ಜಾಮೂನಿಗೆ ಬಿಸಿ ಪಾಕವೇ ತಾನೆ ಎಂಬ ನಮ್ಮ ತರ್ಕ. ಒಲೆಯಿಂದ ಇಳಿಸಿದ ಪಾಕವನ್ನು ಹಾಗೆಯೇ ಸುರಿದೆವು. ಹತ್ತು ನಿಮಿಷದಲ್ಲಿ ಹನ್ನೆರಡು ಹಾಳೆಯೂ ಒಂದೇ ಹಾಳೆಯಾಗಿ, ಮೂರು ತಾಸಿನ ಕೆಲಸ ಸಕ್ಕರೆಯ ಗಂಜಿಯಾಯಿತು. ಅಂದು ಮನೆಗೆ ಬಂದಿದ್ದ ನೆಂಟರಿಗೆ ಅದನ್ನು ಚಮಚದಲ್ಲಿ ಬಡಿಸಿದೆವು. ಹೊಸ ಬಗೆಯ ಹಲ್ವ ಎಂದುಕೊಂಡು ಅವರು ತಿಂದು ಹೊಗಳಿದರು. ನಮ್ಮ ಮನೆಯವರು ಮಾತ್ರ, "ಮುಂದಿನ ಸಲ ನೀವು ಅಕ್ರೋಟು ಒಡೆದುಕೊಡಿ, ಸಾಕು" ಎಂದು ಸೌಟು ಕಸಿದುಕೊಂಡರು. ಎರಡನೆಯ ಸಲ ರುಚಿ ಬಂತು, ಹಾಳೆ ದಪ್ಪವಾಗಿತ್ತು. ಮೂರನೆಯ ಸಲ ತೃಪ್ತಿಯಾಯಿತು.

ಪಾಕ ಸುರಿದ ಮೇಲೆ ಕಡಿಮೆಯೆಂದರೆ ಒಂದು ರಾತ್ರಿ ಮುಟ್ಟದೆ ಬಿಡಬೇಕು. ಹಾಲು ಬೆಣ್ಣೆ ಇಲ್ಲದ ಕಾರಣ ಒಂದು ವಾರ ಸುಖವಾಗಿ ಇರುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಗರಿ ಹೋಗುವುದರಿಂದ ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ಅಕ್ರೋಟು ತುಟ್ಟಿಯೆಂದು ಅರ್ಧ ಗೇರುಬೀಜ ಬೆರೆಸುವವರು ಬೆರೆಸಬಹುದು, ಕೆಡುವುದೇನಿಲ್ಲ. ಆದರೆ ಅಕ್ರೋಟಿನ ಸಣ್ಣ ಒಗರು ಸಕ್ಕರೆಯನ್ನು ಹಿಡಿದು ನಿಲ್ಲಿಸುತ್ತದೆ. ಪೂರ್ತಿ ಗೇರುಬೀಜವಾದರೆ ಬರೀ ಸಿಹಿ.

ಜೊತೆಗೆ ಕಾಫಿ

ಇಷ್ಟು ಸಿಹಿಯ ಜೊತೆಗೆ ಅವರು ಕುಡಿಯುವುದು ಸಣ್ಣ ಬಟ್ಟಲಿನಲ್ಲಿ ಕಹಿಯಾದ ಕಾಫಿ. ಕಾಫಿಯನ್ನು ಗಂಧದ ಪುಡಿಯಷ್ಟು ನುಣ್ಣಗೆ ಬೀಸಿ, ಜೆಜ್ವಾ ಎಂಬ ಉದ್ದ ಹಿಡಿಯ ಪಾತ್ರೆಯಲ್ಲಿ ನೊರೆ ಉಕ್ಕುವಂತೆ ಕಾಯಿಸಿ, ಸೋಸದೆ ಸುರಿಯುತ್ತಾರೆ. ಚರಟ ತಳಕ್ಕಿಳಿಯುವವರೆಗೆ ಕಾಯಬೇಕು. ಪಕ್ಕದಲ್ಲಿ ಒಂದು ಲೋಟ ತಣ್ಣೀರು. ಹಾಲಿಲ್ಲ. ಬಂದವರಿಗೆ ಕಾಫಿ ಕೊಡದೆ ಕಳುಹಿಸುವುದು ಆ ನಾಡಿನಲ್ಲಿ ನಮ್ಮ ನಾಡಿನಷ್ಟೇ ಅವಮರ್ಯಾದೆ.

ಆ ಕಾಫಿಯೂ ಅವರಿಗೆ ತಪ್ಪಿದ ಕಾಲವೊಂದಿತ್ತು. 1980ರ ದಶಕದ ಆರಂಭದಲ್ಲಿ ಯುಗೋಸ್ಲಾವಿಯಾಕ್ಕೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದಾಗ ಅಂಗಡಿಗಳಲ್ಲಿ ಕಾಫಿ ಇಲ್ಲವಾಯಿತು. ಜನ ಗಡಿ ದಾಟಿ ಇಟಲಿಯ ಟ್ರಿಯೆಸ್ಟಿಗೆ ಹೋಗಿ ಕಾಫಿ ತರುತ್ತಿದ್ದರು. ಆಗದವರು ಬಾರ್ಲಿ ಚಿಕೋರಿಗಳ ಬದಲಿ ಪುಡಿ ಕುದಿಸಿಕೊಂಡರು.

ಅದಕ್ಕಿಂತ ಕಠಿಣವಾದದ್ದು 1990ರ ದಶಕ. 1992ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ನಿರ್ಬಂಧ ಹೇರಿತು. 1993ರಲ್ಲಿ ಹಣದುಬ್ಬರ ಊಹೆ ಮೀರಿತು. ಆ ವರ್ಷ ಅಚ್ಚಾದ ಒಂದು ನೋಟಿನ ಬೆಲೆ 50,000 ಕೋಟಿ ದಿನಾರ್. ಐದರ ಮುಂದೆ ಹನ್ನೊಂದು ಸೊನ್ನೆ. ಬೆಳಿಗ್ಗೆ ಕೈಗೆ ಬಂದ ಸಂಬಳ ಸಂಜೆಗೆ ಕರಗುತ್ತಿತ್ತು. ಎಣ್ಣೆ, ಸಕ್ಕರೆ, ಹಾಲಿಗೆ ಸಾಲು. ಆಗ ಪೇಟೆಯ ಬಹಳ ಕುಟುಂಬಗಳನ್ನು ಹಿಡಿದು ನಿಲ್ಲಿಸಿದ್ದು ಹಳ್ಳಿಯ ಬಂಧುಗಳು ಕಳುಹಿಸಿದ ಹಿಟ್ಟು, ಬೀನ್ಸು, ಆಲೂಗಡ್ಡೆಗಳ ಗಂಟು. ಬ್ಯಾಂಕಿನ ದುಡ್ಡು ಕಾಗದವಾದಾಗ ಅಟ್ಟದ ಮೇಲಿನ ಚೀಲಕ್ಕೆ ಮಾತ್ರ ಬೆಲೆ ಉಳಿದಿತ್ತು. ಆ ವರ್ಷವೂ ಡಿಸೆಂಬರ್ 19 ಬಂತು. ಹಾಲು ಬೆಣ್ಣೆ ಕೇಳದ ವ್ರತದ ಸಿಹಿ ಅಂಥ ದಿನಗಳಿಗೂ ಹೇಳಿ ಮಾಡಿಸಿದ್ದು. ಅದರಲ್ಲಿ ಹೆಚ್ಚಿರುವುದು ಕೈಗೆಲಸ, ಹಣವಲ್ಲ.

ನಮ್ಮ ಮಾತು

ಇಷ್ಟನ್ನು ಬರೆಯಲು ಕಾರಣವಿದೆ. ಅಕ್ರೋಟು ಅಲ್ಲಿನ ರೈತನಿಗೂ ಮಾರುವ ಬೆಳೆಯೇ. ಬಿಡಿಸಿದ ತಿರುಳಿಗೆ ಸಂತೆಯಲ್ಲಿ ಒಳ್ಳೆಯ ಹಣ ಸಿಗುತ್ತದೆ. ಆದರೆ ಸ್ಲಾವಾದ ಪಾಲನ್ನು ಅಟ್ಟದಲ್ಲಿಟ್ಟು ಉಳಿದದ್ದನ್ನು ಸಂತೆಗೆ ಒಯ್ಯುವುದು ಹಳೆಯ ಮನೆಗಳ ಕ್ರಮ. ನಮ್ಮಲ್ಲಿ ಏನು ನಡೆಯುತ್ತಿದೆ? ಒಳ್ಳೆಯ ಹಣ್ಣು ಪಲ್ಪರಿಗೆ, ಒಳ್ಳೆಯ ಪಾರ್ಚ್‌ಮೆಂಟ್ ಮೂಟೆಗೆ. ಮನೆಗೆ ಉಳಿಯುವುದು ನೆಲದಿಂದ ಆಯ್ದ ಉದುರು, ಒಡಕು, ಕಪ್ಪು ಬೀಜ. ಅದನ್ನೂ ಮಾರಿ ಅಂಗಡಿಯ ಪೊಟ್ಟಣ ತರುವ ಮನೆಗಳಿಗೇನೂ ಬರವಿಲ್ಲ. ನಲವತ್ತು ವರ್ಷ ಕಾಫಿ ಬೆಳೆದು ತನ್ನ ತೋಟದ ಒಳ್ಳೆಯ ಕಾಫಿಯ ರುಚಿ ಹೇಗಿದೆಯೆಂದು ಹೇಳಲಾರದ ಬೆಳೆಗಾರರನ್ನು ನಾವು ಕಂಡಿದ್ದೇವೆ. ಮೊದಮೊದಲು ನಾವೂ ಅವರಲ್ಲೊಬ್ಬರಾಗಿದ್ದೆವು ಎಂದು ಒಪ್ಪಿಕೊಳ್ಳುತ್ತೇವೆ.

ತನ್ನ ಬೆಳೆಯ ರುಚಿ ತಾನೇ ತಿಳಿಯದವನು ಅದರ ಗುಣವನ್ನು ಖರೀದಿದಾರನ ಬಾಯಿಂದ ಕೇಳಬೇಕಾಗುತ್ತದೆ. ಬೆಲೆಯನ್ನೂ ಅವನೇ ಹೇಳುತ್ತಾನೆ. ಕಣದಲ್ಲಿ ಒಣಗಿಸುವಾಗ ಮಾಡಿದ ತಪ್ಪು, ಹುಳಿ ಬಂದ ಹಣ್ಣು, ಮಣ್ಣಿನ ವಾಸನೆ ಇವೆಲ್ಲ ಮನೆಯ ಬಟ್ಟಲಿನಲ್ಲೇ ಮೊದಲು ತಿಳಿಯಬೇಕು. ಅದಕ್ಕಾಗಿ ಈ ಕೊಯ್ಲಿನಲ್ಲಿ ಪ್ರತಿಯೊಬ್ಬ ಸದಸ್ಯರೂ ಮೊದಲ ಒಳ್ಳೆಯ ಕೊಯ್ಲಿನಿಂದ ಹತ್ತು ಕಿಲೋದಷ್ಟಾದರೂ ಪಾರ್ಚ್‌ಮೆಂಟನ್ನು, ಚೆರಿ ಮಾಡುವವರು ಅಷ್ಟೇ ಚೆರಿಯನ್ನು ಮನೆಯ ಪಾಲೆಂದು ತೆಗೆದಿಡಬೇಕೆಂದು ಕೋರುತ್ತೇವೆ. ಅದರ ಲೆಕ್ಕವನ್ನು ಸಂಘ ಕೇಳುವುದಿಲ್ಲ.

ಹಾಗೆಯೇ ಚಿರೋಟಿಯನ್ನೋ ಹೋಳಿಗೆಯನ್ನೋ ಕೈಯಲ್ಲಿ ಮಾಡಬಲ್ಲ ಅಜ್ಜಿ ಅತ್ತೆಯಂದಿರು ಇರುವ ಮನೆಗಳಲ್ಲಿ ಈ ರಜೆಗೆ ಬರುವ ಮಕ್ಕಳನ್ನು, ಗಂಡುಮಕ್ಕಳನ್ನೂ ಸೇರಿಸಿ, ಒಂದು ದಿನ ಅವರ ಪಕ್ಕ ಕೂರಿಸಿ. ಕಣಕ ಎಷ್ಟು ಮೆದುವಾಗಬೇಕು ಎಂಬುದನ್ನು ನಾವು ಅಚ್ಚು ಹಾಕಿ ತಿಳಿಸಲಾರೆವು. ಬೆರಳು ಬೆರಳಿಗೆ ಹೇಳಿಕೊಡಬೇಕಾದ ಪಾಠ ಅದು.

ಬಕ್ಲಾವಾ ಮಾಡಿ ನೋಡಿದವರು ಹೇಗೆ ಬಂತೆಂದು ಕಚೇರಿಗೆ ಬಂದಾಗ ತಿಳಿಸಬೇಕು. ಮಾದರಿ ತಂದರೆ ಪರೀಕ್ಷೆಗೆ ನಾವು ಸಿದ್ಧ, ಕಾಫಿ ಕಚೇರಿಯದು. ಪಾಕ ಮಾತ್ರ ಆರಿಸಿಕೊಂಡೇ ಸುರಿಯಿರಿ.